ಹೊಳೆ ಹರಿದತ್ತ: ಕಿತ್ತೂರಿನಿಂದ ತೊರಗಲ್ಲಿಗೆ ಒಂದು ಪ್ರವಾಸದ ಯೋಜನೆ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿಕೊಳ್ಳುವ ಮಲಪ್ರಭೆಯು ತನ್ನ ನಡುಹಾದಿಯಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ಸೀಮೆಗಳನ್ನು ಹಾದುಹೋಗುತ್ತದೆ. ಈ ಸೀಮೆಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಹೆದ್ದಾರಿಯ ಮಗ್ಗುಲಲ್ಲೇ ಇರುವ ಕಿತ್ತೂರಿನ ಕೋಟೆಯನ್ನೋ ಯಲ್ಲಮ್ಮನಗುಡ್ಡವನ್ನೋ ಕಂಡು ಅದೇ ದಿನ ಹಿಂದಿರುಗುತ್ತಾರೆ. ನಡುವಿನ ಊರುಗಳು, ಅಂದರೆ ಒಂದು ಸಾವಿರ ವರ್ಷಕ್ಕೂ ಮೀರಿದ ಚರಿತ್ರೆಯನ್ನು ಕಲ್ಲಿನಲ್ಲಿಯೂ ಹಾಡಿನಲ್ಲಿಯೂ ಉಳಿಸಿಕೊಂಡಿರುವ ಊರುಗಳು, ಅವರ ಕಣ್ಣಿಗೆ ಬೀಳುವುದೇ ಇಲ್ಲ. ಹೊಳೆ ಹರಿಯುವ ದಿಕ್ಕಿನಲ್ಲಿಯೇ, ಪಶ್ಚಿಮದಿಂದ ಪೂರ್ವಕ್ಕೆ, ಕನಿಷ್ಠ ಮೂರು ದಿನಗಳ ಪ್ರವಾಸವನ್ನು ಹಮ್ಮಿಕೊಂಡರೆ ಈ ಕೊರತೆ ನೀಗುತ್ತದೆ.

ಕಾಲದ ಆಯ್ಕೆಯೇ ಇಂಥ ಯೋಜನೆಯ ಮೊದಲ ಹೆಜ್ಜೆ. ಮಳೆಗಾಲದಲ್ಲಿ ಇಲ್ಲಿನ ಎರೆಮಣ್ಣು, ಅಂದರೆ ಹತ್ತಿ ಮತ್ತು ಜೋಳಕ್ಕೆ ಹೆಸರಾದ ಕಪ್ಪು ಜಿಗುಟು ಮಣ್ಣು, ಕಾಲಿಗೂ ಗಾಲಿಗೂ ಮೆತ್ತಿಕೊಂಡು ಹೊಲದ ದಾರಿಗಳನ್ನು ಕಟ್ಟಿಹಾಕುತ್ತದೆ. ಕಿತ್ತೂರಿಗೆ ಸಮೀಪದ ಕಾದ್ರೊಳ್ಳಿಯಲ್ಲಿ ಹೊಳೆಯ ನಡುವಿನ ಬಂಡೆಯ ಮೇಲಿರುವ ಶಂಕರಲಿಂಗ ಗುಡಿಯು ಆ ದಿನಗಳಲ್ಲಿ ನಾಲ್ಕೂ ಕಡೆ ನೀರು ಸುತ್ತುವರಿದು ನಡುಗಡ್ಡೆಯಾಗುತ್ತದೆ. ನೀರು ಇಳಿದ ಮೇಲಷ್ಟೇ ಅಲ್ಲಿಗೆ ಹೋಗುವುದು ಕ್ಷೇಮ. 2019ರ ಮಹಾಪೂರದಲ್ಲಿ ಮಲಪ್ರಭೆಯು ರಾಮದುರ್ಗ ಸೀಮೆಯ ದಂಡೆಯ ಊರುಗಳಿಗೆ ನುಗ್ಗಿ ಮನೆಮಠಗಳನ್ನು ಕೆಡವಿದ್ದನ್ನು ಇಲ್ಲಿನ ಜನ ಮರೆತಿಲ್ಲ. ಆದ್ದರಿಂದ ಅಕ್ಟೋಬರ್ ಕೊನೆಯಿಂದ ಫೆಬ್ರುವರಿಯವರೆಗಿನ ಅವಧಿಯೇ ತಕ್ಕುದು. ಹಿಂಗಾರಿ ಜೋಳ ಎದೆಯೆತ್ತರ ನಿಂತಿರುವ, ಬಿಸಿಲು ಇನ್ನೂ ಬಿರುಸಾಗದ ಕಾಲವದು. ಹತ್ತಿರದ ರೈಲು ನಿಲ್ದಾಣಗಳು ಧಾರವಾಡ ಮತ್ತು ಬೆಳಗಾವಿಯವು. ತಾಲ್ಲೂಕು ಕೇಂದ್ರಗಳಿಗೆಲ್ಲ ಸಾರಿಗೆ ಸಂಸ್ಥೆಯ ಬಸ್ಸುಗಳಿದ್ದರೂ ದೇಗಾಂವ, ಹೂಲಿ, ತೊರಗಲ್ಲಿನಂಥ ಊರುಗಳನ್ನು ಒಂದೇ ಪ್ರವಾಸದಲ್ಲಿ ಕಾಣಬೇಕೆನ್ನುವವರು ವಾಹನವೊಂದನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಮೊದಲ ದಿನ ಕಿತ್ತೂರಿಗೆ ಮೀಸಲಾಗಲಿ. 1824ರ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡಾಗ, ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ದತ್ತಕವನ್ನು ಒಪ್ಪದೆ ಸಂಸ್ಥಾನದ ಭಂಡಾರಕ್ಕೆ ಕಾವಲು ಹಾಕಿದನು. ಅದನ್ನು ಸಹಿಸದ ರಾಣಿ ಚೆನ್ನಮ್ಮನ ಪಡೆಯು ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ಮೇಲೆರಗಿದಾಗ ಥ್ಯಾಕರೆ ಹತನಾದನು. ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಗೆ ಈತ ಚಿಕ್ಕಪ್ಪನಾಗಬೇಕು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯದೊಡನೆ ಮರಳಿದ ಈಸ್ಟ್ ಇಂಡಿಯಾ ಕಂಪನಿಯು ಕೋಟೆಯನ್ನು ಗೆದ್ದುಕೊಂಡಿತು. ಇಂದು ಅಲ್ಲಿ ಉಳಿದಿರುವುದು ಕಂದಕ, ಹುಡೆಗಳು ಮತ್ತು ಮಾಡಿಲ್ಲದೆ ನಿಂತಿರುವ ಅರಮನೆಯ ಗೋಡೆಗಳು. ಆ ಗೋಡೆಗಳ ನಡುವೆ ಅವಸರವಿಲ್ಲದೆ ಅಡ್ಡಾಡಿದವರಿಗೆ ಪಡಸಾಲೆ, ಸ್ನಾನದ ಕೋಣೆಗಳ ನೆಲಗಟ್ಟು ಇವೆಲ್ಲ ಬೇರೆಬೇರೆಯಾಗಿ ತಿಳಿಯುತ್ತವೆ. ಒಂದು ಗೋಡೆಯಲ್ಲಿ ಧ್ರುವನಕ್ಷತ್ರವನ್ನು ನೋಡಲೆಂದು ಬಿಟ್ಟ ದುಂಡನೆಯ ಕಿಂಡಿಯಿದೆ. ಉತ್ತರಕ್ಕೆ ನೇರವಾಗಿ, ತುಸು ಮೇಲ್ಮುಖವಾಗಿ ಕೊರೆದ ಆ ಕಿಂಡಿಗೆ ಕಣ್ಣಿಟ್ಟಾಗ, ಯುದ್ಧದ ಹೆಸರಿನಿಂದಷ್ಟೇ ನೆನಪಾಗುವ ಈ ಮನೆಯಲ್ಲಿ ಇರುಳಿನ ಆಕಾಶವನ್ನು ನೋಡುವಷ್ಟು ನೆಮ್ಮದಿಯ ಬದುಕೂ ಇತ್ತೆಂಬುದು ಮನವರಿಕೆಯಾಗುತ್ತದೆ. ಕೋಟೆಯೊಳಗಿನ ವಸ್ತುಸಂಗ್ರಹಾಲಯವನ್ನೂ ತಪ್ಪಿಸಬಾರದು. ಪ್ರತಿ ವರ್ಷ ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವವು ನೋಡತಕ್ಕದ್ದೇ ಆದರೂ, ಅರಮನೆಯನ್ನು ಅರಿಯಬಯಸುವವರು ಉತ್ಸವ ಮುಗಿದ ಮೇಲಿನ ವಾರವನ್ನು ಆರಿಸಿಕೊಳ್ಳುವುದು ಉಚಿತ.

ಇಲ್ಲಿಂದಲೇ ಇಡೀ ಪ್ರವಾಸಕ್ಕೆ ಒಂದು ಎಳೆ ದೊರಕುತ್ತದೆ. ಥ್ಯಾಕರೆ ಸತ್ತ ದಿನ ಕಿತ್ತೂರಿನವರಿಗೆ ಸೆರೆಸಿಕ್ಕಿ, ವಾರಗಟ್ಟಲೆ ಕೋಟೆಯಲ್ಲಿ ಒತ್ತೆಯಾಳಾಗಿದ್ದ ಇಬ್ಬರು ಕಿರಿಯ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬನು. ಜೀವಕ್ಕೆ ಅಪಾಯವಿಲ್ಲದೆ ಬಿಡುಗಡೆಯಾದ ಈ ಸ್ಕಾಟ್ಲೆಂಡಿನ ಯುವಕನು ಮುಂದೆ ಇದೇ ಸೀಮೆಯ ಊರೂರು ತಿರುಗಿ, ಗುಡಿಗಳ ಮುಂದೆ ನಿಂತಿದ್ದ ನೂರಾರು ಕನ್ನಡ ಶಾಸನಗಳನ್ನು ಪ್ರತಿಮಾಡಿಸಿದನು. ಆ ಕೈಬರಹದ ಸಂಪುಟಗಳನ್ನು ಬಳಸಿಕೊಂಡು ಸಂಶೋಧನೆಯನ್ನು ಮುಂದುವರಿಸಿದ ಜೆ.ಎಫ್. ಫ್ಲೀಟ್ ಸವದತ್ತಿಯ ಅರಸುಮನೆತನದ ಶಾಸನಗಳನ್ನು ಪ್ರಕಟಿಸಿದ್ದಲ್ಲದೆ, 1880ರ ದಶಕದಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಜನರ ಬಾಯಿಂದ ಬರೆಸಿಕೊಂಡು ಅಚ್ಚುಮಾಡಿದನು. ಲಾವಣಿಯೆಂದರೆ ಡಪ್ಪು, ತುಂತುಣಿಗಳ ಮೇಳದೊಡನೆ ನಿಂತು ಹಾಡುವ ಕಥನಗೀತ. ಶಾಸನವು ದಾನ ಕೊಟ್ಟವರ, ಗುಡಿ ಕಟ್ಟಿಸಿದವರ ಹೆಸರನ್ನು ಕಾದಿರಿಸಿದರೆ ಲಾವಣಿಯು ಸೋತವರ, ಗಲ್ಲಿಗೇರಿದವರ ಹೆಸರನ್ನು ಕಾದಿರಿಸಿತು; ಈ ಎರಡನ್ನೂ ಜೊತೆಯಾಗಿ ಇಟ್ಟುಕೊಂಡು ಸಾಗುವ ಪ್ರವಾಸಿಗನಿಗೆ ಮಾತ್ರ ಈ ನಾಡು ಪೂರ್ತಿಯಾಗಿ ತೆರೆದುಕೊಳ್ಳುತ್ತದೆ.

ಕಿತ್ತೂರಿನಿಂದ ಕೆಲವೇ ಕಿಲೋಮೀಟರ್ ದೂರದ ದೇಗಾಂವದಲ್ಲಿ ಗೋವೆಯ ಕದಂಬ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿಯು 12ನೇ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿಯಿದೆ. ಒಬ್ಬ ರಾಣಿಯ ಹೆಸರಿನಲ್ಲಿ ಖ್ಯಾತವಾದ ಊರಿನ ಮಗ್ಗುಲಲ್ಲೇ ಅವಳಿಗಿಂತ ಆರು ಶತಮಾನಗಳಿಗೂ ಹಿಂದಿನ ಇನ್ನೊಬ್ಬ ರಾಣಿಯ ಕಟ್ಟಡವಿದ್ದರೂ ಅಲ್ಲಿಗೆ ಹೋಗುವವರು ವಿರಳವೆಂಬುದು ನಿಜಕ್ಕೂ ಖೇದದ ಸಂಗತಿ. ಹೆದ್ದಾರಿಯಲ್ಲಿಯೇ ಇರುವ ಎಂ.ಕೆ. ಹುಬ್ಬಳ್ಳಿಯಲ್ಲಿ, ಮಲಪ್ರಭೆಯ ದಡಕ್ಕೆ ತಾಗಿದಂತೆ, ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಕಲ್ಯಾಣದ ಕ್ರಾಂತಿಯ ನಂತರ ಶರಣರು ಉಳವಿಯತ್ತ ನಡೆದ ದಾರಿಯೊಡನೆ ಈ ಭಾಗದ ಹಲವು ಊರುಗಳನ್ನು ಜನರು ಇಂದಿಗೂ ಜೋಡಿಸಿ ಹೇಳುತ್ತಾರೆ.

ಎರಡನೆಯ ದಿನದ ಬೆಳಗ್ಗೆ ಬೈಲಹೊಂಗಲ ಸೀಮೆಗೆ ಸಲ್ಲಬೇಕು. ಸೆರೆಯಾದ ಚೆನ್ನಮ್ಮನನ್ನು ಕಂಪನಿಯು ಇರಿಸಿದ್ದು ಬೈಲಹೊಂಗಲದ ಕೋಟೆಯಲ್ಲಿ. 1829ರ ಫೆಬ್ರುವರಿಯಲ್ಲಿ ಆಕೆ ಅಲ್ಲಿಯೇ ತೀರಿಕೊಂಡಳು, ಆಕೆಯ ಸಮಾಧಿಯೂ ಆ ಊರಿನಲ್ಲಿಯೇ ಇದೆ. ರಾಣಿಯ ಬಂಟ ರಾಯಣ್ಣನು ಬಡವರ ಭೂಮಿ ಕಿತ್ತುಕೊಂಡ ಆಡಳಿತದ ವಿರುದ್ಧ ಕಾಡುಮೇಡುಗಳಲ್ಲಿ ಅಡಗಿ ಕಾದಿದ್ದು ಆ ನಂತರದ ದಿನಗಳಲ್ಲಿ. ಅವನ ಹುಟ್ಟೂರಾದ ಸಂಗೊಳ್ಳಿಯು ಮಲಪ್ರಭೆಯ ದಂಡೆಯ ಮೇಲಿದೆ. 1831ರ ಜನವರಿ 26ರಂದು ಅವನನ್ನು ಗಲ್ಲಿಗೇರಿಸಿದ ನಂದಗಡವು ಖಾನಾಪುರ ತಾಲ್ಲೂಕಿನಲ್ಲಿದ್ದು, ಈ ಹಾದಿಗೆ ಹೊರತಾದರೂ ಬಿಡುವಿರುವವರು ಹೋಗಿಬರತಕ್ಕ ಸ್ಥಳ. ಬೆಳವಡಿಯಲ್ಲಿ 17ನೇ ಶತಮಾನದ ಮಲ್ಲಮ್ಮನ ನೆನಪು ಉಳಿದಿದೆ. ಸೊಗಲದ ಸೋಮೇಶ್ವರ ಗುಡಿಯ ಬಳಿಯ ಜಲಪಾತವು ಅಕ್ಟೋಬರಿನಲ್ಲಿ ತುಂಬಿರುತ್ತದೆ, ಬೇಸಿಗೆ ಹತ್ತಿರವಾದಂತೆ ಸೊರಗುತ್ತದೆ.

ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ರಾಷ್ಟ್ರಕೂಟರಿಗೂ ಅನಂತರ ಕಲ್ಯಾಣದ ಚಾಲುಕ್ಯರಿಗೂ ಸಾಮಂತರಾಗಿದ್ದ ರಟ್ಟರು ಕೂಂಡಿ–3000 ಎಂಬ ನಾಡನ್ನು ಇಲ್ಲಿಂದ ಆಳಿ, 13ನೇ ಶತಮಾನದ ಮೊದಲಿಗೆ ವೇಣುಗ್ರಾಮಕ್ಕೆ, ಅಂದರೆ ಈಗಿನ ಬೆಳಗಾವಿಗೆ, ರಾಜಧಾನಿಯನ್ನು ಬದಲಿಸಿದರು. ನಾಡಿನ ಹೆಸರಿಗೆ ಅಂಟಿದ ಆ ಅಂಕಿಯು ಹಳ್ಳಿಗಳ ಸಂಖ್ಯೆಯನ್ನು ಸೂಚಿಸುವ ಹಳೆಯ ಆಡಳಿತ ಪದ್ಧತಿ. ಈ ಮನೆತನದ ಪೃಥ್ವೀರಾಮನು 9ನೇ ಶತಮಾನದಲ್ಲಿಯೇ ಇಲ್ಲಿ ಬಸದಿ ಕಟ್ಟಿಸಿ ಭೂದಾನ ಮಾಡಿದ್ದನು. ಊರಿನ ನಡುವಣ ಕೋಟೆಯು ಬಹಳ ಈಚಿನದು, 18ನೇ ಶತಮಾನದಲ್ಲಿ ಶಿರಸಂಗಿ ದೇಸಾಯರ ಕಾಲದ್ದು. ಅದರ ಒಳಗೋಡೆಗಳ ಕೆತ್ತನೆಗಳು ನಿಧಾನವಾದ ನೋಟಕ್ಕೆ ಅರ್ಹವಾಗಿವೆ. ಆ ಮನೆತನದ ಕೊನೆಯ ಅಧಿಪತಿ ಲಿಂಗರಾಜ ದೇಸಾಯರು, 1861ರಲ್ಲಿ ಹುಟ್ಟಿ 1906ರಲ್ಲಿ ಅಗಲಿದವರು, ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆ ಬರೆದಿಟ್ಟರು. ಶಿರಸಂಗಿಗೆ ಹೋಗುವವರು ಕಾಳಿಕಾ ದೇವಾಲಯದೊಡನೆ ಅವರ ವಾಡೆಯನ್ನೂ, ಅಂದರೆ ದೇಸಾಯರ ಮನೆಯನ್ನೂ, ನೋಡಬೇಕು.

ಹೂಲಿಗೆ ಅರ್ಧ ದಿನವಾದರೂ ಬೇಕು. ಸವದತ್ತಿಯಿಂದ ಸುಮಾರು 9 ಕಿಲೋಮೀಟರ್ ದೂರದ, ಗುಡ್ಡದ ಅಡಿಯಲ್ಲಿರುವ ಈ ಊರು ಶಾಸನಗಳಲ್ಲಿ ಪೂಲಿ ಎಂಬ ಅಗ್ರಹಾರ. ಅಗ್ರಹಾರವೆಂದರೆ ವಿದ್ವಾಂಸರ ನಿರ್ವಹಣೆಗೆಂದು ಬಿಟ್ಟುಕೊಟ್ಟ ಗ್ರಾಮ. ಪಂಚಲಿಂಗೇಶ್ವರ ಗುಡಿಯು ಒಪ್ಪವಾಗಿ ಉಳಿದಿದ್ದರೆ ಊರ ಸುತ್ತಲಿನ ಹಲವು ಗುಡಿಗಳು ಗಿಡಗಂಟಿಗಳ ನಡುವೆ ಕುಸಿಯುತ್ತಿವೆ. ಇಲ್ಲಿ ಶಾಸನವೊಂದರ ಮುಂದೆ ಕುಳಿತು ನೋಡುವ ಅಭ್ಯಾಸ ಮಾಡಿಕೊಳ್ಳಬಹುದು. ಚಾಲುಕ್ಯರ ಕಾಲದ ಶಾಸನಗಳಲ್ಲಿ ಸಾಮಾನ್ಯವಾಗಿ ಕಲ್ಲಿನ ನೆತ್ತಿಯ ನಡುವೆ ಲಿಂಗವೂ ಅದನ್ನು ಪೂಜಿಸುವ ಯತಿಯೂ, ಪಕ್ಕದಲ್ಲಿ ಕರುವಿಗೆ ಹಾಲೂಡುವ ಹಸುವೂ, ಮೇಲೆ ಸೂರ್ಯಚಂದ್ರರೂ ಇರುತ್ತಾರೆ. ಸೂರ್ಯಚಂದ್ರರಿರುವವರೆಗೆ ದಾನ ನಡೆಯಲಿ ಎಂಬುದು ಆ ಚಿತ್ರಗಳ ಅರ್ಥ. ಕೆಳಗಿನ ಸಾಲುಗಳು ಅರಸನ ಬಿರುದುಗಳಿಂದ ತೊಡಗಿ, ದಾನದ ಭೂಮಿಯ ಎಲ್ಲೆಗಳನ್ನು ಹೇಳಿ, ಅದನ್ನು ಕೆಡಿಸಿದವನಿಗೆ ಶಾಪದೊಡನೆ ಮುಗಿಯುತ್ತವೆ. ಹಳಗನ್ನಡ ಬಾರದವನೂ ಗಮನವಿಟ್ಟರೆ ಕೆಲವು ಅಕ್ಷರಗಳನ್ನು ಗುರುತಿಸಬಲ್ಲನು. ಆದರೆ ಕಲ್ಲಿಗೆ ಸುಣ್ಣ, ಸೀಮೆಸುಣ್ಣ ಬಳಿದು ಓದಲು ಹೋಗಬಾರದು. ಅದರಿಂದ ಅಕ್ಷರಗಳು ಸವೆಯುತ್ತವೆ.

ಯಲ್ಲಮ್ಮನಗುಡ್ಡದ ಭೇಟಿಯನ್ನು ದಿನ ನೋಡಿ ಗೊತ್ತುಮಾಡಬೇಕು. ಹೊಸ್ತಿಲ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗಳಲ್ಲಿ ಲಕ್ಷಾಂತರ ಭಕ್ತರು ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಬಂದಿಳಿದು, ಗುಡ್ಡದ ಮೇಲೆಯೇ ಒಲೆ ಹೂಡಿ, ಪಡ್ಡಲಗಿ ತುಂಬಿ, ಭಂಡಾರವೆನ್ನುವ ಅರಿಶಿನಪುಡಿ ತೂರಿ ‘ಉಧೋ ಉಧೋ’ ಎನ್ನುತ್ತಾರೆ. ಪಡ್ಡಲಗಿಯೆಂದರೆ ದೇವಿಯ ಹೆಸರಿನಲ್ಲಿ ಅಡುಗೆಯ ಎಡೆ ತುಂಬುವ ಬುಟ್ಟಿ. ಜಾತ್ರೆಯನ್ನೇ ಕಾಣಬಯಸುವವರು ಆ ದಿನಗಳಲ್ಲಿ ಬರಲಿ, ಗುಡಿಯನ್ನು ಕಾಣಬಯಸುವವರು ಹುಣ್ಣಿಮೆಯನ್ನೂ ಮಂಗಳವಾರ, ಶುಕ್ರವಾರಗಳನ್ನೂ ಬಿಡಲಿ. ತಂತಿ ಮೀಟುತ್ತ ಚೌಡಿಕೆಯ ಪದ ಹಾಡುವ ಜೋಗತಿಯರ ಕಥನಗಳನ್ನು ಕಿವಿಗೊಟ್ಟು ಕೇಳಬೇಕು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯನ್ನು 1982ರ ಕಾನೂನು ನಿಷೇಧಿಸಿದೆ ಎಂಬುದನ್ನೂ, ಆ ಪದ್ಧತಿಯ ನೋವನ್ನು ಹೊತ್ತ ಬದುಕುಗಳು ಈ ಹಾಡುಗಳ ಹಿಂದೆ ಇವೆ ಎಂಬುದನ್ನೂ ಅರಿತು ಕೇಳಬೇಕು. ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಯು ಗುಡ್ಡವನ್ನು ಸೀಳಿ ಇಕ್ಕಟ್ಟಾದ ಕಣಿವೆಯಲ್ಲಿ ಹೊರಬೀಳುತ್ತದೆ. ಅಲ್ಲಿಯೇ ಅಣೆಕಟ್ಟು ಕಟ್ಟಿದ್ದರಿಂದ ರೇಣುಕಾಸಾಗರವೆಂಬ ಜಲಾಶಯ ಹಿಂದಕ್ಕೆ ಹರಡಿಕೊಂಡಿದೆ.

ಮೂರನೆಯ ದಿನದ ರಾಮದುರ್ಗದ ಹಾದಿಯಲ್ಲಿ ಸುರೇಬಾನ ಸಿಗುತ್ತದೆ. ನರಗುಂದದ ಬಾಬಾಸಾಹೇಬನು ಬಂಡೆದ್ದಾಗ ಅವನನ್ನು ತಡೆಯಲು ರಾಮದುರ್ಗದಿಂದ ಹೊರಟ ಬ್ರಿಟಿಷ್ ಏಜೆಂಟ್ ಮ್ಯಾನ್ಸನ್, 1858ರ ಮೇ 29ರ ರಾತ್ರಿ ಹತನಾದದ್ದು ಈ ಊರಿನಲ್ಲಿ. ಸಮೀಪದ ಶಬರಿಕೊಳ್ಳದ ನೀರು, ನೆರಳು ಬಿಸಿಲ ಹೊತ್ತಿಗೆ ತಂಪು. ಭಾವೆ ಮನೆತನದ ಸಂಸ್ಥಾನವಾಗಿದ್ದ ರಾಮದುರ್ಗವು ಇನ್ನೂ ಹತ್ತಿರದ ಕಾಲದ ದುರಂತವೊಂದನ್ನು ಕಂಡ ಊರು: 1939ರ ಏಪ್ರಿಲ್ 7ರಂದು ಪ್ರಜಾಸಂಘದ ಮುಖಂಡರ ಬಂಧನದಿಂದ ಕೆರಳಿದ ಜನ ಸೆರೆಮನೆಗೆ ನುಗ್ಗಿದರು, ಪೊಲೀಸರು ಸತ್ತರು, ಆಮೇಲೆ ಗಲ್ಲೂ ಸೇರಿದಂತೆ ಕಠೋರ ಶಿಕ್ಷೆಗಳಾದವು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಹೊಳೆಯ ದಂಡೆಯಲ್ಲಿಯೇ ಇರುವ ತೊರಗಲ್ಲಿನಲ್ಲಿ ಕೋಟೆಯೊಳಗೇ ಊರಿದೆ. ಚಾಲುಕ್ಯ ಶೈಲಿಯ ಭೂತನಾಥ ಗುಡಿಗಳ ಸುತ್ತ ಇಂದಿಗೂ ಸಂಸಾರಗಳು ನಡೆದಿವೆ, ಆದ್ದರಿಂದ ಅಂಗಳ ದಾಟುವ ಮುನ್ನ ಮನೆಯವರನ್ನು ಒಂದು ಮಾತು ಕೇಳುವುದು ಮರ್ಯಾದೆ. ನಾಲ್ಕನೆಯ ದಿನವೂ ಕೈಯಲ್ಲಿರುವವರಿಗೆ ಅದೇ ಹೊಳೆಯು ಬಾದಾಮಿ ತಾಲ್ಲೂಕಿಗೆ ಇಳಿದು ಪಟ್ಟದಕಲ್ಲು, ಐಹೊಳೆಗಳಿಗೆ ದಾರಿ ತೋರಿಸುತ್ತದೆ. ಉಳಿದುಕೊಳ್ಳಲು ಬಾದಾಮಿಯಲ್ಲಿ ಅನುಕೂಲ ಹೆಚ್ಚು.