ಊರಲ್ಲಿ 11.2, ಕಂಠೀರವದಲ್ಲಿ 11.7: ತಪ್ಪು ಕಾಲಿಂದಲ್ಲ, ವಾಚಿಂದು!

ಕೊಳ್ಳೇಗಾಲ: ಹನೂರು, ಯಳಂದೂರು ಕಡೆಯ ಹುಡುಗನೊಬ್ಬ ತಾಲ್ಲೂಕು ಕೂಟದಲ್ಲಿ 100 ಮೀಟರನ್ನು 11.2 ಸೆಕೆಂಡಿಗೆ ಓಡಿದ ಅಂದ್ಕೊಳ್ಳಿ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಅವನಿಗೇ 11.7 ಬಂದರೆ 'ಹೆದರಿಬಿಟ್ಟ' ಅಂತಾರೆ. ಆದರೆ ಅವನು ಓಡಿದ್ದು ಅಷ್ಟೇ ವೇಗದಲ್ಲಿ ಇರಬಹುದು.

ಹೇಗೆ? ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಸ್ಟಾರ್ಟಿಂಗ್‌ನಲ್ಲಿ ಊದಿದ ವಿಸಲ್ 100 ಮೀಟರ್ ದೂರದ ಫಿನಿಶಿಂಗ್ ಲೈನಿನಲ್ಲಿ ನಿಂತವರಿಗೆ ಕೇಳಿಸುವಷ್ಟರಲ್ಲಿ ಸುಮಾರು 0.3 ಸೆಕೆಂಡ್ ಕಳೆದಿರುತ್ತದೆ. ಸದ್ದು ಕೇಳಿ ವಾಚ್ ಒತ್ತಿದರೆ ಅಷ್ಟೂ ಸಮಯ ಲೆಕ್ಕಕ್ಕೇ ಬರಲ್ಲ. ಅದಕ್ಕೇ ಪಿಸ್ತೂಲಿನ ಹೊಗೆ ಅಥವಾ ಬೆಳಕು ಕಂಡ ಕೂಡಲೇ ಒತ್ತಬೇಕು ಅನ್ನೋದು ನಿಯಮ. ಪಿಸ್ತೂಲ್ ಇಲ್ಲದ ಕಡೆ ದೂರಕ್ಕೆ ಕಾಣುವ ಕ್ಲಾಪರ್ ಇದ್ದರೂ ಸಾಕು.

ಹೊಗೆ ನೋಡಿ ಒತ್ತಿದರೂ ಬೆರಳು ಕೊಂಚ ತಡ. ಆದರೆ ಓಟಗಾರ ಗೆರೆಗೆ ಬರೋದು ಮೊದಲೇ ಕಾಣೋದರಿಂದ ವಾಚ್ ನಿಲ್ಲಿಸುವಾಗ ಅಷ್ಟು ತಡವಾಗಲ್ಲ. ಹಾಗಾಗಿ ಎಲೆಕ್ಟ್ರಾನಿಕ್ ಟೈಮಿಂಗ್ ಜತೆ ಹೋಲಿಸುವಾಗ ಕೈವಾಚಿನ ಸಮಯಕ್ಕೆ 0.24 ಸೆಕೆಂಡ್ ಸೇರಿಸುವ ಪದ್ಧತಿ ಇದೆ. ಸದ್ದು ಕೇಳಿ ಒತ್ತಿದ್ದರೆ ಎರಡೂ ಸೇರಿ ಅರ್ಧ ಸೆಕೆಂಡ್!

ಅರ್ಧ ಸೆಕೆಂಡ್ ಏನ್ಮಹಾ ಅನ್ನಬೇಡಿ. 2023ರಲ್ಲಿ ಕರ್ನಾಟಕದ ಮಣಿಕಂಠ ಹೋಬಳಿದಾರ್ ಇದೇ ಕಂಠೀರವದಲ್ಲಿ 10.23 ಸೆಕೆಂಡಿಗೆ ಓಡಿ ರಾಷ್ಟ್ರೀಯ ದಾಖಲೆ ಮಾಡಿದರು. ಹಳೇ ದಾಖಲೆ 10.25. ಅಂತರ ಬರೀ 0.02.

ಮಕ್ಕಳ ಟೈಮಿಂಗ್ ಬರೆದಿಡುವ ಪೋಷಕರು, ಪಿ.ಟಿ. ಮೇಷ್ಟ್ರು ಪಕ್ಕದಲ್ಲಿ 'ಕೈವಾಚ್' ಅಂತಲೂ ಬರೆದಿಡಲಿ. ದೊಡ್ಡ ಕೂಟದಿಂದ ಬಂದ ಮಗುವನ್ನು ಬೈಯುವ ಮುಂಚೆ ಒಮ್ಮೆ ಆ ಲೆಕ್ಕ ಹಾಕಲಿ.