ಸೊನ್ನೆಯಲ್ಲದ ಸೊನ್ನೆಗಳು

ಒಂದು ಪರಿಮಾಣ ಬದಲಾದಾಗ ಅದಕ್ಕೆ ಸಂಬಂಧಪಟ್ಟ ಮತ್ತೊಂದು ಪರಿಮಾಣ ಸರಾಸರಿಯಾಗಿ ಎಷ್ಟು ಬದಲಾಗುತ್ತದೆ ಎಂಬುದನ್ನು ಲೆಕ್ಕಹಾಕುವ ಸಂಖ್ಯಾಶಾಸ್ತ್ರದ ವಿಧಾನಕ್ಕೆ ರಿಗ್ರೆಷನ್ ವಿಶ್ಲೇಷಣೆ ಎಂದು ಹೆಸರು. ಮಳೆಗೂ ಇಳುವರಿಗೂ, ದೇಹದ ತೂಕಕ್ಕೂ ರಕ್ತದೊತ್ತಡಕ್ಕೂ ಇರುವ ನಂಟನ್ನು ಅದು ಒಂದು ಸಮೀಕರಣದಲ್ಲಿ ಹಿಡಿದಿಡುತ್ತದೆ. ಕಂಪ್ಯೂಟರು ಈ ಲೆಕ್ಕವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆಯಾದರೂ, ತನಗೆ ಕೊಟ್ಟ ಅಂಕಿ ನಿಜವಾದ ಅಳತೆಯೋ, ಬರೆದವರ ಕೈತಪ್ಪೋ, ಅಳತೆಯೇ ಆಗದ ಕಡೆ ಜಾಗ ತುಂಬಲು ಹಾಕಿದ ಗುರುತೋ ಎಂದು ವಿಚಾರಿಸುವುದಿಲ್ಲ. ಅದನ್ನು ವಿಚಾರಿಸಬೇಕಾದವರು ವಿಶ್ಲೇಷಕರು, ಅದೂ ಸಮೀಕರಣಕ್ಕೆ ಕೈಹಾಕುವ ಮೊದಲು.

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ಸಮೀಪ ವಾಸಿಸುವ ಪೀಮಾ ಮೂಲನಿವಾಸಿ ಸಮುದಾಯದಲ್ಲಿ ಮಧುಮೇಹ ಬಹಳ ವ್ಯಾಪಕವಾಗಿತ್ತು. ಆ ಸಮುದಾಯದ, 21 ವರ್ಷ ಮೇಲ್ಪಟ್ಟ 768 ಮಹಿಳೆಯರ ಆರೋಗ್ಯದ ವಿವರಗಳಿರುವ ದತ್ತಾಂಶ, ಅಂದರೆ ವಿಶ್ಲೇಷಣೆಗೆಂದು ಕಲೆಹಾಕಿದ ಮಾಹಿತಿಯ ಕೋಷ್ಟಕ, ಜಗತ್ತಿನಾದ್ಯಂತ ಪಾಠಕ್ಕೂ ಸಂಶೋಧನೆಗೂ ಬಳಕೆಯಾಗುತ್ತ ಬಂದಿದೆ. ಮೇಲ್ನೋಟಕ್ಕೆ ಅದರಲ್ಲಿ ಒಂದು ಮನೆಯೂ ಖಾಲಿ ಇಲ್ಲ. ಆದರೆ ಹತ್ತಿರದಿಂದ ನೋಡಿದರೆ 35 ಮಹಿಳೆಯರ ರಕ್ತದೊತ್ತಡ ಸೊನ್ನೆ, ಐವರ ರಕ್ತದ ಗ್ಲೂಕೋಸ್ ಸೊನ್ನೆ, 227 ಮಂದಿಯ ತೋಳಿನ ಚರ್ಮದ ಮಡಿಕೆಯ ದಪ್ಪ ಸೊನ್ನೆ, 374 ಮಂದಿಯ ಇನ್ಸುಲಿನ್ ಸೊನ್ನೆ. ಜೀವಂತ ಮನುಷ್ಯರಲ್ಲಿ ರಕ್ತದೊತ್ತಡ ಸೊನ್ನೆಯಾಗಿರಲು ಸಾಧ್ಯವಿಲ್ಲವಾದ್ದರಿಂದ ಇವು ಅಳತೆಗಳಲ್ಲ, ಅಳತೆ ಇಲ್ಲ ಎಂಬುದರ ಗುರುತುಗಳು. ಹಾಗೆಂದು ಕಂಡ ಸೊನ್ನೆಯನ್ನೆಲ್ಲ ಅಳಿಸುವಂತೆಯೂ ಇಲ್ಲ, ಏಕೆಂದರೆ ಅದೇ ಕೋಷ್ಟಕದಲ್ಲಿ ಗರ್ಭ ಧರಿಸಿದ ಸಲಗಳ ಅಂಕಣದಲ್ಲಿರುವ 111 ಸೊನ್ನೆಗಳು ಅರ್ಥಪೂರ್ಣವಾದ ಉತ್ತರಗಳು. ಯಾವ ಸೊನ್ನೆ ನಿಜ, ಯಾವುದು ಹುಸಿ ಎಂಬುದನ್ನು ತೀರ್ಮಾನಿಸುವುದು ಗಣಿತವಲ್ಲ, ವಿಷಯಜ್ಞಾನ.

ಹುಸಿ ಸೊನ್ನೆಗಳನ್ನು ಹಾಗೆಯೇ ಬಿಟ್ಟರೆ ಇನ್ಸುಲಿನ್ನಿನ ಸರಾಸರಿ ಸುಮಾರು 80 ಬರುತ್ತದೆ, ತೆಗೆದರೆ ಸುಮಾರು 156. ಸರಾಸರಿಯೇ ಹೀಗೆ ಅರ್ಧಕ್ಕಿಳಿದಿರುವಾಗ ಅದರ ಮೇಲೆ ಕಟ್ಟಿದ ಸಮೀಕರಣವನ್ನು ನಂಬುವುದು ಹೇಗೆ? ಆದರೂ ಅನೇಕ ಅಧ್ಯಯನಗಳು ಈ ಸೊನ್ನೆಗಳನ್ನು ಅಳತೆಗಳೆಂದೇ ಬಗೆದು ಮುಂದೆ ಸಾಗಿವೆ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಚರ್ಮದ ಮಡಿಕೆಯ ಅಳತೆ ಇಲ್ಲದ 227 ಮಂದಿಯಲ್ಲಿ ಒಬ್ಬರಿಗೂ ಇನ್ಸುಲಿನ್ನಿನ ಅಳತೆ ಇಲ್ಲ; ಕೊರತೆಗಳು ಅಲ್ಲೊಂದು ಇಲ್ಲೊಂದು ಚೆದುರಿ ಬಿದ್ದಿಲ್ಲ, ಜೊತೆಗೂಡಿ ಬಂದಿವೆ.

ಖಾಲಿ ಮನೆಗಳಿಲ್ಲದ ಕಡೆಯೂ ಅಂಕಿಗಳು ತಮ್ಮ ಗುಣಮಟ್ಟವನ್ನು ತಾವೇ ಬಿಟ್ಟುಕೊಡುವುದುಂಟು. ಭಾರತದ ಜನಗಣತಿಯಲ್ಲಿ ಹುಟ್ಟಿದ ದಿನಾಂಕ ಗೊತ್ತಿಲ್ಲದವರು ತಮ್ಮ ವಯಸ್ಸನ್ನು ಅಂದಾಜಿನಲ್ಲಿ ಹೇಳುವುದರಿಂದ 30, 35, 40, 45ರಂತಹ ವಯಸ್ಸುಗಳಲ್ಲಿ ಜನ ಗುಂಪುಗೂಡಿದಂತೆ ಕಾಣುತ್ತದೆ, 39 ಅಥವಾ 41ರಲ್ಲಿ ವಿರಳವಾಗುತ್ತಾರೆ. ಇದನ್ನು ಅಳೆಯುವ ವಿಪಲ್ ಸೂಚ್ಯಂಕವು 23ರಿಂದ 62ರವರೆಗಿನ ವಯಸ್ಸುಗಳಲ್ಲಿ 0 ಮತ್ತು 5ರಿಂದ ಕೊನೆಗೊಳ್ಳುವವುಗಳ ಪಾಲನ್ನು ನೋಡಿ, ಅಂತಹ ಒಲವು ಇಲ್ಲದಿದ್ದರೆ 100 ಎಂದೂ, ಎಲ್ಲರೂ ಅಂತಹ ವಯಸ್ಸನ್ನೇ ಹೇಳಿದರೆ 500 ಎಂದೂ ತೋರಿಸುತ್ತದೆ. ಕೊನೆಯ ಅಂಕೆಯ ಮೇಲೊಮ್ಮೆ ಕಣ್ಣಾಡಿಸುವ ಈ ಪರೀಕ್ಷೆ ತೂಕ, ರಕ್ತದೊತ್ತಡ, ಜಮೀನಿನ ವಿಸ್ತೀರ್ಣಗಳಿಗೂ ಒದಗುತ್ತದೆ.

ಅಳತೆ ಏಕೆ ಕಾಣೆಯಾಯಿತು ಎಂಬ ಪ್ರಶ್ನೆಗೆ ಶಾಸ್ತ್ರೀಯ ಚೌಕಟ್ಟು ಕೊಟ್ಟವರು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್. 1976ರ ಅವರ ಪ್ರಬಂಧದಿಂದ ಬೆಳೆದುಬಂದ ವಿಂಗಡಣೆಯನ್ನು ಮಳೆಮಾಪಕದ ನಿದರ್ಶನದಿಂದ ಹೀಗೆ ತಿಳಿಯಬಹುದು: ದಾಖಲೆಯ ಹಾಳೆ ಎಲ್ಲೋ ಕಳೆದುಹೋಗಿ ಕೆಲವು ದಿನಗಳ ಅಳತೆ ತಪ್ಪಿದ್ದರೆ ಅದು ಕೇವಲ ಆಕಸ್ಮಿಕ, ಭಾನುವಾರ ಸಿಬ್ಬಂದಿ ಇಲ್ಲದೆ ತಪ್ಪಿದ್ದರೆ ಕಾರಣ ನಮಗೆ ತಿಳಿದಿರುವ ಇನ್ನೊಂದು ಅಂಕಣದಲ್ಲಿದೆ, ಆದರೆ ಜಡಿಮಳೆಗೆ ಮಾಪಕವೇ ಕೊಚ್ಚಿಹೋಗಿ ತಪ್ಪಿದ್ದರೆ, ಕಾಣೆಯಾದ ಅಂಕಿಯ ದೊಡ್ಡತನವೇ ಅದು ಕಾಣೆಯಾಗಲು ಕಾರಣ. ಮೊದಲ ಎರಡು ಬಗೆಗಳಿಗೆ ಗಣಿತದಲ್ಲಿ ಮದ್ದಿದೆ. ಮೂರನೆಯದು ಕಠಿಣ, ಮತ್ತು ಎರಡನೆಯದೋ ಮೂರನೆಯದೋ ಎಂಬುದನ್ನು ಕೈಯಲ್ಲಿರುವ ಅಂಕಿಗಳಷ್ಟರಿಂದಲೇ ನಿರ್ಣಯಿಸಲು ಸಾಧ್ಯವಿಲ್ಲ. ಮಾಪಕ ನೋಡಿಕೊಳ್ಳುವವರನ್ನೇ ಕೇಳಬೇಕು.

ಮದ್ದುಗಳಲ್ಲಿ ಅತಿ ಸುಲಭವಾದದ್ದು ಕೊರತೆಯಿರುವ ಸಾಲುಗಳನ್ನೇ ಕೈಬಿಡುವುದು. ಬಹುಪಾಲು ತಂತ್ರಾಂಶಗಳು ಹೇಳದೆ ಕೇಳದೆ ಇದನ್ನೇ ಮಾಡುತ್ತವೆ. ಪೀಮಾ ಕೋಷ್ಟಕದಲ್ಲಿ ಹಾಗೆ ಮಾಡಿದರೆ 768ರಲ್ಲಿ 392 ಸಾಲುಗಳಷ್ಟೇ ಉಳಿಯುತ್ತವೆ. ಖಾಲಿ ಮನೆಗೆಲ್ಲ ಸರಾಸರಿಯನ್ನು ತುಂಬುವುದು ಅದಕ್ಕಿಂತ ಕೆಟ್ಟ ರೂಢಿ, ಏಕೆಂದರೆ ನೂರಾರು ಜನರಿಗೆ ಒಂದೇ ಅಂಕಿ ಹಂಚಿದಾಗ ಅಂಕಿಗಳ ಸಹಜವಾದ ಚದುರುವಿಕೆ ಕುಗ್ಗುತ್ತದೆ, ಪರಿಮಾಣಗಳ ನಡುವಿನ ನಂಟು ಸಡಿಲಗೊಳ್ಳುತ್ತದೆ, ಅಷ್ಟಾದರೂ ಫಲಿತಾಂಶ ಇರುವುದಕ್ಕಿಂತ ಹೆಚ್ಚು ಖಚಿತವೆಂಬಂತೆ ತೋರುತ್ತದೆ. ರೂಬಿನ್ನರೇ ರೂಪಿಸಿದ ಬಹುಪೂರಣ ವಿಧಾನ ಇದಕ್ಕಿಂತ ಪ್ರಾಮಾಣಿಕವಾದದ್ದು: ಉಳಿದ ಅಂಕಣಗಳ ಆಧಾರದಿಂದ ಪ್ರತಿ ಖಾಲಿ ಮನೆಗೂ ಸಂಭವನೀಯ ಬೆಲೆಗಳನ್ನು ಅಂದಾಜಿಸಿ, ಸ್ವಲ್ಪ ಸ್ವಲ್ಪ ಭಿನ್ನವಾದ ಹಲವು ಪೂರ್ಣ ಕೋಷ್ಟಕಗಳನ್ನು ಸಿದ್ಧಪಡಿಸಿ, ಪ್ರತಿಯೊಂದರ ಮೇಲೂ ರಿಗ್ರೆಷನ್ ನಡೆಸಿ, ಉತ್ತರಗಳನ್ನು ಒಗ್ಗೂಡಿಸಲಾಗುತ್ತದೆ; ಆ ಉತ್ತರಗಳು ಪರಸ್ಪರ ಎಷ್ಟು ದೂರವಿವೆಯೋ ಅಷ್ಟರ ಮಟ್ಟಿಗೆ ನಮ್ಮ ಅಜ್ಞಾನವೂ ಲೆಕ್ಕದಲ್ಲಿ ಸೇರುತ್ತದೆ.

ಸಾಲುಗಳನ್ನು ಕೈಬಿಡುವುದರ ಬೆಲೆ ಎಷ್ಟಾಗಬಹುದು ಎಂಬುದಕ್ಕೆ 1986ರ ಜನವರಿ 28ರಂದು ಏಳು ಮಂದಿಯನ್ನು ಬಲಿತೆಗೆದುಕೊಂಡ ಚಾಲೆಂಜರ್ ಗಗನನೌಕೆಯ ದುರಂತ ಸಾಕ್ಷಿ. ಚಳಿಯಲ್ಲಿ ರಾಕೆಟ್ಟಿನ ಕೀಲುಗಳ ರಬ್ಬರ್ ಬಳೆಗಳು ಗಟ್ಟಿಯಾಗಿ ಬಿಸಿ ಅನಿಲವನ್ನು ತಡೆಯಲಾರವೆಂಬ ಆತಂಕ ಹಿಂದಿನ ರಾತ್ರಿಯೇ ಚರ್ಚೆಗೆ ಬಂದಿತ್ತು. ಕೀಲುಗಳಿಗೆ ಹಾನಿಯಾಗಿದ್ದ ಏಳು ಹಾರಾಟಗಳನ್ನಷ್ಟೇ ನೋಡಿದರೆ ಅವು ಸುಮಾರು 12ರಿಂದ 24 ಡಿಗ್ರಿ ಸೆಲ್ಸಿಯಸ್‌ವರೆಗೆ ಹರಡಿದ್ದು, ತಾಪಮಾನಕ್ಕೂ ಹಾನಿಗೂ ನಂಟು ಕಾಣುತ್ತಿರಲಿಲ್ಲ. ಹಾನಿಯಾಗದ 16 ಹಾರಾಟಗಳನ್ನೂ ಸೇರಿಸಿ ನೋಡಿದ್ದರೆ, ಅವೆಲ್ಲ ಸುಮಾರು 19 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿನ ತಾಪಮಾನದಲ್ಲಿ ನಡೆದವೆಂದೂ, ಅದಕ್ಕಿಂತ ತಣ್ಣನೆಯ ನಾಲ್ಕು ಹಾರಾಟಗಳಲ್ಲಿ ಪ್ರತಿಯೊಂದರಲ್ಲೂ ಹಾನಿಯಾಗಿತ್ತೆಂದೂ ತಿಳಿಯುತ್ತಿತ್ತು. ನೌಕೆ ಮೇಲೇರಿದ ಆ ಬೆಳಿಗ್ಗೆ ತಾಪಮಾನ ಸೊನ್ನೆಯ ಆಸುಪಾಸಿನಲ್ಲಿತ್ತು. ಇಲ್ಲಿ ಅಂಕಿಗಳು ಕಳೆದುಹೋಗಿರಲಿಲ್ಲ. ಹಾನಿಯಿಲ್ಲದ ಹಾರಾಟದಿಂದ ಕಲಿಯುವುದೇನಿದೆ ಎಂಬ ಭಾವನೆಯಿಂದ ಬದಿಗೆ ಸರಿದಿದ್ದವು.

ರಿಗ್ರೆಷನ್ನಿನ ಫಲಿತಾಂಶವನ್ನು ಓದುವವರು ಸಮೀಕರಣಕ್ಕಿಂತ ಮೊದಲು ಎರಡು ಸಂಖ್ಯೆಗಳನ್ನು ಹುಡುಕಲಿ: ಕಲೆಹಾಕಿದ ಸಾಲುಗಳೆಷ್ಟು, ಲೆಕ್ಕಕ್ಕೆ ಬಂದ ಸಾಲುಗಳೆಷ್ಟು. ಎರಡರ ನಡುವೆ ಅಂತರವಿದ್ದು ಅದಕ್ಕೆ ಕಾರಣ ಹೇಳಿಲ್ಲವಾದರೆ ಆ ವರದಿಯನ್ನು ಅಲ್ಲಿಗೇ ಮುಚ್ಚಿಡಬಹುದು.