ಮಕ್ಕಳ ವಸ್ತುಸಂಗ್ರಹಾಲಯದಲ್ಲಿ ಲಲಿತಕಲೆ: ಪ್ರದರ್ಶನದ ಕೆಲವು ಪ್ರಶ್ನೆಗಳು

ಮಕ್ಕಳ ವಸ್ತುಸಂಗ್ರಹಾಲಯ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಗೊಂಬೆಗಳು, ಆಟದ ರೈಲು, ಯಂತ್ರಗಳ ಮಾದರಿಗಳು. ವರ್ಣಚಿತ್ರ, ಶಿಲ್ಪ, ಲೋಹದ ಕುಸುರಿಗೆಲಸ ಮೊದಲಾದವು ದೊಡ್ಡವರ ಪಾಲಿಗೆ ಸೇರಿದವು. ಮಕ್ಕಳು ಬೆಳೆದ ಮೇಲೆ ಅವುಗಳ ಬಳಿಗೆ ತಾವಾಗಿಯೇ ಬರುತ್ತಾರೆ ಎಂಬ ಭಾವನೆ ರೂಢಿಯಾಗಿದೆ. ಈ ವಿಂಗಡಣೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಹೈದರಾಬಾದಿನ ನಿದರ್ಶನವನ್ನು ಮುಂದಿರಿಸಿಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಕ್ಕಳಿಗಾಗಿಯೇ ಮೀಸಲಾದ ವಸ್ತುಸಂಗ್ರಹಾಲಯದ ಕಲ್ಪನೆ ಬಹಳ ಹಳೆಯದಲ್ಲ. ಅಮೆರಿಕದ ಬ್ರೂಕ್ಲಿನ್‌ನಲ್ಲಿ ೧೮೯೯ರಲ್ಲಿ ಇಂತಹ ಮೊದಲ ಸಂಸ್ಥೆ ತೆರೆಯಿತು. ೧೯೧೩ರಲ್ಲಿ ಬಾಸ್ಟನ್ ನಗರ ಅದನ್ನು ಅನುಸರಿಸಿತು. ನಮ್ಮ ದೇಶದಲ್ಲಿ ದೆಹಲಿಯ ಶಂಕರ್ ಅಂತರರಾಷ್ಟ್ರೀಯ ಗೊಂಬೆಗಳ ಸಂಗ್ರಹಾಲಯ (೧೯೬೫), ರಾಮಾಯಣ ಮಹಾಭಾರತಗಳನ್ನು ಮಣ್ಣಿನ ಗೊಂಬೆಗಳಲ್ಲಿ ನಿರೂಪಿಸುವ ಕೋಲ್ಕತ್ತದ ನೆಹರೂ ಮಕ್ಕಳ ಸಂಗ್ರಹಾಲಯ (೧೯೭೨) ಪ್ರಸಿದ್ಧವಾದವು. ಇವುಗಳಲ್ಲಿ ಗೊಂಬೆಗೆ ದೊರೆತ ಪ್ರಾಶಸ್ತ್ಯ ಸಹಜವಾದುದೇ. ಆದರೆ ಗೊಂಬೆಯೊಡನೆಯೇ ಮಗುವಿನ ಕಲಾನುಭವ ಮುಗಿಯಬೇಕೆ ಎಂಬ ಪ್ರಶ್ನೆ ಉಳಿಯುತ್ತದೆ.

ಬೇಗಂಪೇಟೆಯಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ, ಮೂಸಿ ನದಿಯ ದಕ್ಷಿಣ ದಂಡೆಯ ಮೇಲೆ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವಿದೆ. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ (೧೮೮೯-೧೯೪೯) ಜೀವಮಾನವಿಡೀ ಕೂಡಿಸಿದ ವಸ್ತುಗಳೇ ಇದರ ಮುಖ್ಯ ಸಂಪತ್ತು. ೧೯೫೧ರ ಡಿಸೆಂಬರ್ ೧೬ರಂದು ಜವಾಹರಲಾಲ್ ನೆಹರೂ ಅವರು ದಿವಾನ್ ದೇವಡಿಯಲ್ಲಿ ಇದನ್ನು ಉದ್ಘಾಟಿಸಿದರು. ೧೯೬೧ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಇದು ರಾಷ್ಟ್ರೀಯ ಮಹತ್ತ್ವದ ಸಂಸ್ಥೆಯಾಯಿತು. ೧೯೬೮ರಲ್ಲಿ ಈಗಿನ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಇಲ್ಲಿ ಆಟದ ಸಿಪಾಯಿಗಳು, ಗೊಂಬೆಗಳು ಮುಂತಾದವುಗಳಿಂದ ಕೂಡಿದ ಮಕ್ಕಳ ವಿಭಾಗವೊಂದು ಪ್ರತ್ಯೇಕವಾಗಿ ಇದೆ.

ಆದರೆ ಗಮನಿಸಬೇಕಾದ ಸಂಗತಿಯೆಂದರೆ, ಶಾಲೆಯ ಮಕ್ಕಳು ಮೈಮರೆತು ನಿಲ್ಲುವ ತಾಣಗಳು ಆ ವಿಭಾಗದ ಹೊರಗೂ ಇವೆ. ಅವುಗಳಲ್ಲಿ ಮೂರನ್ನು ಇಲ್ಲಿ ಹೆಸರಿಸಬಹುದು. ಮೊದಲನೆಯದು ಸಂಗೀತ ಗಡಿಯಾರ. ಗಂಟೆ ತುಂಬುವ ಮೊದಲೇ ಅದರ ಮುಂದೆ ಜನ ನೆರೆಯುತ್ತಾರೆ. ಸಮಯಕ್ಕೆ ಸರಿಯಾಗಿ ಪುಟ್ಟ ಮನುಷ್ಯಾಕೃತಿಯೊಂದು ಹೊರಬಂದು ಗಂಟೆ ಬಾರಿಸಿ ಒಳಸರಿಯುತ್ತದೆ. ಎರಡನೆಯದು ಮೆಫಿಸ್ಟೋಫಿಲಿಸ್ ಮತ್ತು ಮಾರ್ಗರೆಟಾ ಎಂಬ ಮರದ ಜೋಡಿಶಿಲ್ಪ. ಗಯಟೆ ಕವಿಯ ಫೌಸ್ಟ್ ನಾಟಕದ ಈ ಎರಡು ಪಾತ್ರಗಳು ಒಂದೇ ಮರದ ತುಂಡಿನ ಎರಡು ಮಗ್ಗುಲುಗಳಲ್ಲಿ ಮೂಡಿವೆ. ಎದುರಿನಿಂದ ಕಾಣುವುದು ಸೊಕ್ಕಿನ ಪುರುಷ. ಹಿಂದೆ ಇರಿಸಿದ ಕನ್ನಡಿಯಲ್ಲಿ ಕಾಣುವುದು ತಲೆತಗ್ಗಿಸಿದ ಹುಡುಗಿ. ಮೂರನೆಯದು ಇಟಲಿಯ ಶಿಲ್ಪಿ ಬೆನ್ಜೋನಿಯ ಮುಸುಕಿನ ರೆಬೆಕಾ. ಮೊದಲನೆಯ ಸಾಲಾರ್ ಜಂಗ್ ೧೮೭೬ರಲ್ಲಿ ರೋಮ್ ನಗರದಲ್ಲಿ ಇದನ್ನು ಪಡೆದುಕೊಂಡರು.

ಈ ಮೂರೂ ಮಕ್ಕಳಿಗಾಗಿ ಮಾಡಿದವಲ್ಲ. ಆದರೂ ಅವು ಮಕ್ಕಳನ್ನು ಹಿಡಿದು ನಿಲ್ಲಿಸುತ್ತವೆ. ಗಡಿಯಾರ ಕಾಯುವುದನ್ನು ಕಲಿಸುತ್ತದೆ. ಜೋಡಿಶಿಲ್ಪದ ಕನ್ನಡಿ ಒಂದು ವಸ್ತುವಿಗೆ ಒಂದಕ್ಕಿಂತ ಹೆಚ್ಚು ಮುಖಗಳುಂಟೆಂದು ತೋರಿಸುತ್ತದೆ. ಆ ಕನ್ನಡಿ ಶಿಲ್ಪಿಯದಲ್ಲ, ಪ್ರದರ್ಶಿಸಿದವರ ಉಪಾಯ ಎಂಬುದು ನಮ್ಮ ಚರ್ಚೆಗೆ ಮುಖ್ಯ. ರೆಬೆಕಾ ವಿಸ್ಮಯವನ್ನು ಹುಟ್ಟಿಸುತ್ತಾಳೆ: ಕಲ್ಲು ತೆಳುವಸ್ತ್ರವಾದದ್ದು ಹೇಗೆ? ಇದರಿಂದ ತಿಳಿಯುವುದೇನೆಂದರೆ, ಮಗುವಿಗೆ ಉತ್ತಮ ಕಲೆ ಅತಿಯಾದುದಲ್ಲ. ಅದರೊಳಕ್ಕೆ ಹೋಗುವ ಬಾಗಿಲನ್ನು ಯಾರಾದರೂ ತೆರೆದಿರಿಸಬೇಕು, ಅಷ್ಟೆ. ಗೋಡೆಯ ಮೇಲೆ ನಿಶ್ಚಲವಾಗಿ ತೂಗುವ ರವಿವರ್ಮನ ಚಿತ್ರಕ್ಕೆ ಗಡಿಯಾರದ ಚಲನೆಯಿಲ್ಲ, ಕನ್ನಡಿಯ ನೆರವೂ ಇಲ್ಲ. ಅಲ್ಲಿಯೇ ಪ್ರದರ್ಶಕನ ನಿಜವಾದ ಕೆಲಸ ಆರಂಭವಾಗುತ್ತದೆ.

ಆ ಕೆಲಸದ ಮೊದಲ ಅಂಶ ಎತ್ತರ. ಚಿತ್ರಶಾಲೆಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು ೧೫೦ ಸೆಂಟಿಮೀಟರ್ ಎತ್ತರದಲ್ಲಿ ಇರುವಂತೆ ತೂಗುಹಾಕುವುದು ವಾಡಿಕೆ. ಏಳೆಂಟು ವರ್ಷದ ಮಗುವಿನ ಕಣ್ಣಿನ ಮಟ್ಟ ಸುಮಾರು ೧೧೦ ಸೆಂಟಿಮೀಟರ್. ಕತ್ತೆತ್ತಿ ನೋಡುವ ಮಗುವಿಗೆ ಎಷ್ಟೋ ಸಲ ಕಾಣುವುದು ಚಿತ್ರವಲ್ಲ, ಗಾಜಿನ ಮೇಲೆ ಬಿದ್ದ ದೀಪದ ಪ್ರತಿಫಲನ. ಚಿತ್ರವನ್ನು ಕೆಳಗಿಳಿಸುವುದು, ಇಲ್ಲವೆ ಹತ್ತಿ ನಿಲ್ಲಲು ಮೆಟ್ಟಿಲೊಂದನ್ನು ಇಡುವುದು ಅಲ್ಪವೆಚ್ಚದ ಪರಿಹಾರ.

ಎರಡನೆಯದು ಬೆಳಕು. ಬೆಳಕಿನ ಪ್ರಮಾಣವನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಜಲವರ್ಣ, ಬಟ್ಟೆ, ಕಾಗದದ ಮೇಲಿನ ಕೃತಿಗಳಿಗೆ ೫೦ ಲಕ್ಸ್, ತೈಲವರ್ಣಗಳಿಗೆ ಸುಮಾರು ೨೦೦ ಲಕ್ಸ್ ಮೀರಬಾರದೆಂಬುದು ಸಂರಕ್ಷಣಾಕಾರರು ಸಾಮಾನ್ಯವಾಗಿ ಒಪ್ಪಿದ ಮಿತಿ. ಆದರೆ ಮಕ್ಕಳ ಕೋಣೆಗಳನ್ನು ಝಗಝಗಿಸುವಂತೆ ಬೆಳಗಿಸುವುದೇ ರೂಢಿ. ಆದುದರಿಂದ ಕೃತಿಗಳಿರುವ ಭಾಗವನ್ನು ಬೇರ್ಪಡಿಸಿ, ಮಂದ ಬೆಳಕಿಗೆ ಕಣ್ಣು ಹೊಂದಿಕೊಳ್ಳಲು ಚಿಕ್ಕದೊಂದು ಹಾದಿಯನ್ನು ಕಲ್ಪಿಸಬೇಕಾಗುತ್ತದೆ. ಬೆಳಕು ಕಡಿಮೆಯಾದಲ್ಲಿ ಮಕ್ಕಳ ದನಿಯೂ ತಾನಾಗಿ ತಗ್ಗುವುದುಂಟು.

ಮೂರನೆಯದು ಸ್ಪರ್ಶ. ಮುಟ್ಟದೆ ಮಗುವಿಗೆ ತಿಳಿಯದು. ಮುಟ್ಟಿದರೆ ಕೃತಿ ಉಳಿಯದು. ಬೆರಳಿನ ಜಿಡ್ಡು ಅಮೃತಶಿಲೆಯನ್ನು ಕ್ರಮೇಣ ಮಾಸಿಸುತ್ತದೆ. ಪ್ರತಿಕೃತಿಗಳನ್ನಷ್ಟೇ ಇಟ್ಟುಬಿಡುವುದು ಇದಕ್ಕೆ ಸುಲಭವಾದ ಉತ್ತರವಾದರೂ ಅದು ಸಮರ್ಪಕವಲ್ಲ. ಮೂಲಕೃತಿ ಕೆಲವೇ ಇರಲಿ, ಆದರೆ ಇರಲಿ. ಅದರ ಪಕ್ಕದಲ್ಲಿ ಮುಟ್ಟಲು ಅದೇ ವಸ್ತುವಿನ ತುಣುಕುಗಳು ಇರಲಿ.

ಇದಕ್ಕೆ ಬಿದರಿಯಷ್ಟು ಒಳ್ಳೆಯ ಉದಾಹರಣೆ ಬೇರೊಂದಿಲ್ಲ. ೧೯೫೬ರ ನವೆಂಬರ್ ೧ರವರೆಗೆ ಬೀದರ್ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಅಲ್ಲಿಯ ಹೆಸರನ್ನೇ ಹೊತ್ತ ಈ ಕಲೆಯ ಉತ್ತಮ ಮಾದರಿಗಳು ಸಾಲಾರ್ ಜಂಗ್ ಸಂಗ್ರಹದಲ್ಲಿವೆ. ಸತುವಿಗೆ ಅಲ್ಪ ಪ್ರಮಾಣದ ತಾಮ್ರ ಬೆರೆಸಿ ಎರಕ ಹೊಯ್ದು, ಮೇಲ್ಮೈಯಲ್ಲಿ ಚಿತ್ತಾರ ಕೊರೆದು, ಬೆಳ್ಳಿಯ ತಂತಿ ಅಥವಾ ತಗಡನ್ನು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಹಾಗೂ ನವಸಾಗರದ ಮಿಶ್ರಣದಿಂದ ಸಂಸ್ಕರಿಸಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಗಾಜಿನೊಳಗೆ ಹಳೆಯ ಹುಕ್ಕಾ ಬುಡವೊಂದನ್ನಿಟ್ಟು, ಹೊರಗೆ ಈ ಹಂತಗಳ ನಾಲ್ಕು ಬಿಲ್ಲೆಗಳನ್ನು ಮಕ್ಕಳ ಕೈಗೆ ಕೊಟ್ಟರೆ, ಬೆರಳು ತಿಳಿದುಕೊಂಡುದನ್ನು ಕಣ್ಣು ಮೂಲಕೃತಿಯಲ್ಲಿ ಗುರುತಿಸುತ್ತದೆ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರ ಮರದ ಕೆಲಸವನ್ನೂ ಹೀಗೆಯೇ ತೋರಿಸಬಹುದು.

ನಾಲ್ಕನೆಯದು ಜೋಡಣೆ. ಈ ವಿಷಯದಲ್ಲಿ ಪರದೇಶದ ಮಾದರಿಯನ್ನೇ ಹುಡುಕಬೇಕಾಗಿಲ್ಲ. ನವರಾತ್ರಿಯಲ್ಲಿ ಮನೆಯ ಮಕ್ಕಳು ಮೆಟ್ಟಿಲುಗಳ ಮೇಲೆ ಬೊಂಬೆ ಕೂರಿಸುತ್ತಾರೆ. ಪಟ್ಟದ ಗೊಂಬೆ ಎಲ್ಲಿ, ಸೆಟ್ಟಿಯ ಅಂಗಡಿ ಎಲ್ಲಿ, ಉದ್ಯಾನ ಎಲ್ಲಿ ಎಂದು ಚರ್ಚಿಸುತ್ತಾರೆ. ನೋಡಲು ಬಂದವರಿಗೆ ವಿವರಿಸುತ್ತಾರೆ. ಆಯ್ಕೆ, ಕ್ರಮ, ವಿವರಣೆ ಮೂರೂ ಇಲ್ಲಿವೆ. ಪ್ರದರ್ಶನದ ಒಂದು ಮೂಲೆಯನ್ನು ಜೋಡಿಸುವ ಹೊಣೆಯನ್ನು ಮಕ್ಕಳಿಗೇ ವಹಿಸಿದರೆ ಅವರು ಪ್ರೇಕ್ಷಕರಷ್ಟೇ ಆಗಿ ಉಳಿಯುವುದಿಲ್ಲ.

ಐದನೆಯದು, ಕನ್ನಡ ವಿದ್ಯಾರ್ಥಿಗಳಿಗೆ ನೇರವಾಗಿ ಸಂಬಂಧಿಸಿದುದು, ವಿವರಣಾ ಫಲಕದ ಭಾಷೆ. "ಅಮೃತಶಿಲೆ, ಬೆನ್ಜೋನಿ, ಇಟಲಿ, ೧೯ನೆಯ ಶತಮಾನ" ಎಂಬ ಫಲಕ ತಿಳಿದವರಿಗೆ ಜ್ಞಾಪನ. ಮಗುವಿಗೆ ಮುಚ್ಚಿದ ಬಾಗಿಲು. ಅದರ ಬದಲು ಹೀಗೆ ಬರೆಯಬಹುದು: "ಮುಸುಕೂ ಕಲ್ಲು, ಮುಖವೂ ಕಲ್ಲು. ಆದರೂ ಮುಸುಕಿನ ಒಳಗಿನ ಮುಖ ಕಾಣುತ್ತಿದೆಯಲ್ಲ, ಹೇಗೆ? ಪಕ್ಕಕ್ಕೆ ಸರಿದು ಮೂಗಿನ ಹತ್ತಿರದ ಮಡಿಕೆಗಳನ್ನು ನೋಡಿ." ಇಲ್ಲಿ ಮಾಹಿತಿ ಕಡಿಮೆ, ನೋಟ ಹೆಚ್ಚು. ಇಂತಹ ಗದ್ಯ ಬರೆಯುವುದು ಕಿರಿಯ ಕೆಲಸವೆಂದು ತಿಳಿಯಬೇಕಾಗಿಲ್ಲ. ಮೂರು ಸಂಪುಟಗಳ ಬಾಲಪ್ರಪಂಚವನ್ನು ರಚಿಸಿದ ಶಿವರಾಮ ಕಾರಂತರೇ ಭಾರತೀಯ ಕಲೆಯನ್ನು ಕುರಿತು ಕನ್ನಡದಲ್ಲಿ ಗಂಭೀರವಾಗಿ ಬರೆದವರು. ಅವರಿಗೆ ಈ ಎರಡು ಓದುಗವರ್ಗಗಳ ನಡುವೆ ಗೋಡೆಯಿರಲಿಲ್ಲ.

ನಮ್ಮ ಕಾವ್ಯಮೀಮಾಂಸೆ ಸಹೃದಯನನ್ನು ಕುರಿತು ಬಹಳ ಹೇಳಿದೆ. ಸಹೃದಯತೆ ಅಭ್ಯಾಸದಿಂದ ನಿರ್ಮಲಗೊಂಡ ಮನಸ್ಸಿಗೆ ದೊರೆಯುವಂಥದು ಎಂಬುದು ಅದರ ತಾತ್ಪರ್ಯ. ಹಾಗಿದ್ದ ಮೇಲೆ ಆ ಅಭ್ಯಾಸ ಎಲ್ಲಿಂದ ಮೊದಲಾಗಬೇಕು? ಮನೆಯಲ್ಲಿ ಒಂದು ಚಿತ್ರವೂ ಇಲ್ಲದ ಮಗುವಿಗೆ ಮೂಲಕೃತಿಯನ್ನು ಕಾಣುವ ಅವಕಾಶ ಬಾಲ್ಯದಲ್ಲಿ ಸಾರ್ವಜನಿಕ ಸಂಸ್ಥೆಯಿಂದಲ್ಲದೆ ಬೇರೆಡೆಯಿಂದ ದೊರೆಯುವುದು ಕಷ್ಟ. ಉಳ್ಳವರ ಮಕ್ಕಳಿಗೆ ಚಿತ್ರ, ಉಳಿದವರಿಗೆ ಪ್ಲಾಸ್ಟಿಕ್ ಗೊಂಬೆ ಎಂಬ ಸ್ಥಿತಿ ನಮ್ಮ ಕಲೆಗೂ ಹಿತವಲ್ಲ.

ಬೇಗಂಪೇಟೆಯಂತಹ ಬಡಾವಣೆಯಲ್ಲಿ ಎರಡು ಕೋಣೆಗಳ ಮಕ್ಕಳ ಸಂಗ್ರಹಾಲಯವೊಂದನ್ನು ಕಲ್ಪಿಸಿಕೊಳ್ಳಿ. ಹತ್ತು ಹನ್ನೆರಡು ಮೂಲಕೃತಿಗಳು ಸಾಕು. ಫಲಕಗಳು ತೆಲುಗು, ಉರ್ದು, ಕನ್ನಡಗಳಲ್ಲಿ ಇರಲಿ. ಅಲ್ಲಿಯೇ ೧೯೦೬ರಲ್ಲಿ ಪೂರ್ಣಗೊಂಡ, ಪೈಗಾ ಮನೆತನದ ವಿಕಾರ್ ಉಲ್ ಉಮ್ರಾ ಕಟ್ಟಿಸಿದ ಸ್ಪ್ಯಾನಿಷ್ ಮಸೀದಿ ಇದೆ. ದಿನವೂ ಅದರ ಮುಂದೆ ಶಾಲೆಗೆ ಹೋಗುವ ಮಗು ಸಂಗ್ರಹಾಲಯದಿಂದ ಹೊರಬಂದ ಸಂಜೆ ಒಂದು ಕ್ಷಣ ನಿಂತು, ಆ ಕಮಾನುಗಳು ಲಾಳದಂತೆ ಬಾಗಿರುವುದೇಕೆ ಎಂದು ಜೊತೆಯವರನ್ನು ಕೇಳಿದರೆ ಪ್ರದರ್ಶನ ಸಾರ್ಥಕವಾಯಿತೆಂದು ತಿಳಿಯಬಹುದು.